ಚಾವಡಿ

ಊರವರು ಸೇರುವ, ಕಂದಾಯ ಕಟ್ಟುವ, ವ್ಯಾಜ್ಯ ತೀರ್ಮಾನವಾಗುವ ಹಳ್ಳಿಯ ಸಾರ್ವಜನಿಕ ಕಟ್ಟಡ. ಇಂದಿನ ಸಮುದಾಯ ಭವನಕ್ಕಿಂತ ಹಿಂದಿನದು. ಶಾಸನಗಳ ಕಾಲದಲ್ಲಿ ಮಹಾಜನರೂ ಗಾವುಂಡರೂ ಹೆಚ್ಚಾಗಿ ದೇವಾಲಯಗಳಲ್ಲಿ ಸಭೆ ಸೇರುತ್ತಿದ್ದರು. ತುಳುನಾಡಿನಲ್ಲಿ ಗುತ್ತಿನ (ಊರಿನ ಪ್ರಮುಖ ಮನೆತನದ) ಮನೆಯ ಚಾವಡಿಯೇ ನ್ಯಾಯದ ಕಟ್ಟೆಯೂ ಆಗಿತ್ತು. ಅದು ಮನೆತನದ ಸೊತ್ತು, ಊರಿನದಲ್ಲ.

ಚಾವಡಿ ಯಾರದೆಂಬ ಬಗ್ಗೆ ಬರಹಗಳಲ್ಲಿ ಗೊಂದಲವಿದೆ. ಗ್ರಾಮಸ್ವರಾಜ್ಯವನ್ನು ಮೆಚ್ಚಿ ಬರೆದವರು ಅದನ್ನು ಊರಿನ ಸ್ವಂತ ಸಭಾಂಗಣವೆಂದು ಬಣ್ಣಿಸಿದ್ದಾರೆ. ಕಂದಾಯ ಕಾನೂನು ಕಾಣುವ ಚಾವಡಿ ಬೇರೆ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗೂ ಅನ್ವಯಿಸುತ್ತಿದ್ದ 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ, ಚಾವಡಿಯೇ ಇಲ್ಲದ ಊರಿನಲ್ಲಿ ಕಲೆಕ್ಟರು ತೋರಿಸಿದ ಜಾಗವೇ ಚಾವಡಿ. ಸರ್ಕಾರಕ್ಕೆ ಬೇಕಿದ್ದುದು ನೋಟೀಸು ಅಂಟಿಸಲು ಒಂದು ಗೋಡೆ, ದಫ್ತರ ಬಿಚ್ಚಲು ಒಂದು ನೆರಳು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲೂ ಹಕ್ಕು ಬದಲಾವಣೆಯ ನಮೂದನ್ನು ಚಾವಡಿಯಲ್ಲಿ ಪ್ರಕಟಿಸಬೇಕೆಂದಿದೆ. ಮೈಸೂರು ಸೀಮೆಯಲ್ಲಿ ಪಂಚಾಯಿತಿ ಸೇರಲು ಸರ್ಕಾರಿ ಕಟ್ಟಡವೇ ಬೇಕೆಂದಿರಲಿಲ್ಲ; 1948ರಲ್ಲಿ, ತಾವು 'ರಾಂಪುರ' ಎಂದು ಕರೆದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಪಟೇಲರ ಮನೆಯ ಜಗಲಿಯಲ್ಲಿ ಜಗಳಗಳು ಇತ್ಯರ್ಥವಾಗುತ್ತಿದ್ದುದನ್ನು ದಾಖಲಿಸಿದ್ದಾರೆ.

ಕಟ್ಟಡ ಸರಳ. ಮಣ್ಣು ಇಲ್ಲವೇ ಕಲ್ಲಿನ ಗೋಡೆ, ಬೀದಿಗೆ ತೆರೆದ ಒಂದು ಮಗ್ಗುಲು, ಮರದ ಕಂಬಗಳು, ಆಳೆತ್ತರಕ್ಕಿಂತ ಕಡಿಮೆಯ ಕಟ್ಟೆ. ಮೇಲೆ ಗೌಡ (ಪಟೇಲ), ಕುಲಕರ್ಣಿ (ಶಾನುಭೋಗ), ಮುಂದೆ ಕೈಪೆಟ್ಟಿಗೆ. ಮೆಟ್ಟಿಲ ಬಳಿ ತಳವಾರ. ಡಂಗುರ ಸಾರುವ, ಓಲೆ ಒಯ್ಯುವ, ಹೊಲದ ಎಲ್ಲೆ ತೋರಿಸುವ ಹೊಲೆಯ, ಮಾದಿಗ ಸಮುದಾಯಗಳವರಿಗೆ ಮಾತ್ರ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಅವರ ದುಡಿಮೆಯಿಂದ ನಡೆದ ಕಚೇರಿ ಅವರನ್ನು ಅಂಗಳದಲ್ಲೇ ನಿಲ್ಲಿಸಿತು. ಚಾವಡಿಯನ್ನು ಊರೆಲ್ಲರ ಸಭೆಯೆನ್ನುವ ವರ್ಣನೆಗಳು ಇದನ್ನು ಬಿಟ್ಟುಬಿಡುತ್ತವೆ. ಅವನ್ನು ಹಾಗೆಯೇ ಒಪ್ಪಲಾಗದು.

ಈ ಕಾರಣಕ್ಕೆ, ಚಾವಡಿಯ ಇತಿಹಾಸದ ತಿರುವನ್ನು ಪಂಚಾಯಿತಿ ಶಾಸನಗಳಿಗಿಂತ ಮೊದಲು 1923ರ ಬೋಳೆ ಠರಾವಿನಲ್ಲಿ ಹುಡುಕಬೇಕು. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು ಅಂಗೀಕರಿಸಿತು. ಜಾರಿ ಮಾತ್ರ ನಿಧಾನವಾಯಿತು. ಕೆರೆಯ ನೀರಿಗಾಗಿ ನಡೆದ 1927ರ ಮಹಾಡ ಸತ್ಯಾಗ್ರಹಕ್ಕೆ ಅದೇ ಹಿನ್ನೆಲೆ. ಸಂವಿಧಾನದ 15 ಮತ್ತು 17ನೇ ವಿಧಿಗಳು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಈ ಹಕ್ಕಿಗೆ ಬಲ ಕೊಟ್ಟವು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಟೇಲ, ಶಾನುಭೋಗರನ್ನು ತೆಗೆದುಹಾಕಿತು. ಗ್ರಾಮ ಲೆಕ್ಕಿಗರು ಬಂದರು. ಪಟೇಲರ ಕೈಯಲ್ಲಿದ್ದ ಚಾವಡಿಯ ಅಧಿಕಾರ ಇಲ್ಲವಾಯಿತು.

ಇಂದು ಕಾಣುವ ಸಮುದಾಯ ಭವನಗಳು ಮುಖ್ಯವಾಗಿ 1993ರ ನಂತರದವು. ಆ ವರ್ಷ ಪಂಚಾಯತ್ ರಾಜ್ ಕಾಯ್ದೆಯೂ ಸಂಸದರ ಪ್ರದೇಶಾಭಿವೃದ್ಧಿ ನಿಧಿಯೂ ಬಂದವು. ಮದುವೆ, ನಾಮಕರಣ, ತಿಥಿ ಊಟಗಳಿಗೆ ಒದಗುವ ಈ ಭವನಗಳಲ್ಲಿ ಹಲವು ಒಂದೊಂದು ಜಾತಿಯ ಹೆಸರಿನಲ್ಲಿವೆ. ದಲಿತ ಕೇರಿಗಳ ಅಂಬೇಡ್ಕರ್ ಭವನಗಳನ್ನು ಇದೇ ಪಟ್ಟಿಗೆ ಸೇರಿಸುವುದು ಸರಿಯಲ್ಲ: ಕಟ್ಟೆ ಹತ್ತಲು ಬಿಡದ ಊರಿನಲ್ಲಿ ತಮ್ಮದೇ ಸೂರಿನಡಿ ಸಭೆ ಸೇರುವ ಹಕ್ಕು ಅಲ್ಲಿದೆ. ಗ್ರಾಮಸಭೆಗಳು ಶಾಲೆಯ ಆವರಣದಲ್ಲೋ ಪಂಚಾಯಿತಿ ಕಚೇರಿಯಲ್ಲೋ ನಡೆಯುವುದೂ ಉಂಟು.