ಕಂದು ಕಲೆಯಿಂದ ಹುಟ್ಟಿದ ಟೂತ್‌ಪೇಸ್ಟು

ದಿನಾ ಬೆಳಿಗ್ಗೆ ಬ್ರಶ್ಶಿನ ಮೇಲೆ ಒತ್ತಿಕೊಳ್ಳೋ ಪೇಸ್ಟಿನಲ್ಲಿ ಇರೋದೇನು? ತಿಕ್ಕಲು ಸುಣ್ಣದ ಜಾತಿಯ ನುಣ್ಣನೆಯ ಪುಡಿ ಅಥವಾ ಸಿಲಿಕಾ, ಒಣಗದಿರಲಿ ಅಂತ ಗ್ಲಿಸರಿನ್ ಇಲ್ಲವೇ ಸಾರ್ಬಿಟಾಲ್, ನೊರೆ ಬರಿಸಲು ಒಂದಿಷ್ಟು ಮಾರ್ಜಕ, ಜೊತೆಗೆ ಪುದೀನದ ಘಮ. ಕೊನೆಗೆ, ಚಿಟಿಕೆಗಿಂತಲೂ ಕಡಿಮೆ ಫ್ಲೋರೈಡ್. ಇದು ಪೇಸ್ಟಿನೊಳಗೆ ಬಂದ ಕತೆ ಓದಿ ನನಗಂತೂ ಆಶ್ಚರ್ಯವಾಯಿತು. ವಿಜ್ಞಾನಿಗಳ ಕೈಗೆ ಅದು ಮೊದಲು ಸಿಕ್ಕಿದ್ದು ಔಷಧಿಯಾಗಿ ಅಲ್ಲ, ಅಪರಾಧಿಯಾಗಿ!

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದರು. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಏನು ಮಾಡಿದರೂ ಹೋಗದ ಕಂದು ಕಲೆ. ಹಂದಿಮಾಂಸದಿಂದ, ಕೆಟ್ಟ ಹಾಲಿನಿಂದ ಅಂತ ಊರವರು ಏನೇನೋ ಹೇಳುತ್ತಿದ್ದರು. 1909ರಲ್ಲಿ ಹೆಸರಾಂತ ದಂತತಜ್ಞ ಜಿ.ವಿ. ಬ್ಲ್ಯಾಕ್ ಕೂಡ ಈ ಹುಡುಕಾಟಕ್ಕೆ ಸೇರಿಕೊಂಡರು. ಅವರಿಗೆ ಕಂಡ ವಿಚಿತ್ರವೆಂದರೆ, ಕಲೆ ಬಿದ್ದ ಹಲ್ಲಿಗೆ ಹುಳುಕು ಸುಲಭವಾಗಿ ಹಿಡಿಯುತ್ತಿರಲಿಲ್ಲ.

ಕಾರಣ ತಿಳಿಯಲು 1931 ಬರಬೇಕಾಯಿತು. ಇದೇ ಕಲೆ ಕಾಣಿಸಿಕೊಂಡಿದ್ದ ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಊರಿನ ನೀರನ್ನು ಎಚ್.ವಿ. ಚರ್ಚಿಲ್ ಎಂಬ ರಸಾಯನತಜ್ಞರು ಪರೀಕ್ಷಿಸಿದಾಗ ಸಿಕ್ಕಿದ್ದು ವಿಪರೀತ ಫ್ಲೋರೈಡ್. ಆಮೇಲೆ ಟ್ರೆಂಡ್ಲಿ ಡೀನ್ ಲೆಕ್ಕ ಹಾಕಿ ತೋರಿಸಿದರು: ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಎದ್ದುಕಾಣುವ ಕಲೆಯೂ ಇಲ್ಲ, ಹುಳುಕೂ ಕಡಿಮೆ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಬೇಕೆಂದೇ ಫ್ಲೋರೈಡ್ ಸೇರಿಸಿದರು.

ಪೇಸ್ಟಿಗೆ ಸೇರಿಸುವುದು ಅಷ್ಟು ಸುಲಭವಿರಲಿಲ್ಲ. ಪುಡಿಯಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಂಡು ನಿಷ್ಪ್ರಯೋಜಕ ಮಾಡಿಬಿಡುತ್ತಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದ ಜೋಸೆಫ್ ಮುಲರ್ ಮತ್ತು ಸಂಗಡಿಗರು ತವರದ ಫ್ಲೋರೈಡಿಗೆ ಹೊಂದುವ ಪುಡಿ ಕಂಡುಕೊಂಡರು. 1956ರಲ್ಲಿ ಕ್ರೆಸ್ಟ್ ಪೇಸ್ಟು ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂತು.

ಇದರ ಕೆಲಸ ಹೀಗೆ. ನಾವು ತಿಂದ ಸಿಹಿಯಿಂದ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಎಂಜಲಿನಲ್ಲಿರುವ ಖನಿಜ ಮತ್ತೆ ಹಲ್ಲಿಗೆ ಕೂರಲು ಫ್ಲೋರೈಡ್ ನೆರವಾಗುತ್ತದೆ. ಹಾಗೆ ಕೂತದ್ದು ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರಿನಿಂದ 1937ರಲ್ಲೇ ಫ್ಲೋರೋಸಿಸ್ ವರದಿಯಾಗಿತ್ತು. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲೂ ಮಿತಿ ಮೀರಿದ ಫ್ಲೋರೈಡ್ ಇದೆ. ವರ್ಷಗಟ್ಟಲೆ ಕುಡಿದರೆ ಹಲ್ಲಷ್ಟೇ ಅಲ್ಲ, ಮೂಳೆಯೂ ಕೆಡುತ್ತದೆ. ಪಾವಗಡ ಕಡೆಯ ನನ್ನ ಗೆಳೆಯನೊಬ್ಬ ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ದಿನಕ್ಕೆ ಎರಡು ಸಲ ಉಜ್ಜಿದರೂ ಕಲೆ ಹೋಗಲಿಲ್ಲ. ಹೋಗೋದೂ ಇಲ್ಲ, ಯಾಕೆಂದರೆ ಅದು ಮೇಲೆ ಅಂಟಿದ ಕೊಳೆಯಲ್ಲ, ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ್ದು.

ಪೇಸ್ಟು ಹಲ್ಲಿಗೆ ತಾಗಬೇಕು, ಹೊಟ್ಟೆಗೆ ಇಳಿಯಬಾರದು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು ಅಂತಾರೆ ದಂತವೈದ್ಯರು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಬಳಿಯೋದು ಪೇಸ್ಟು ಬೇಗ ಖಾಲಿಯಾಗಲಿ ಅಂತ ಇರಬೇಕು :)

ಮತ್ತೆ, ಯಾರದಾದರೂ ಕಂದು ಹಲ್ಲು ಕಂಡರೆ "ಹಲ್ಲುಜ್ಜಲ್ವಾ?" ಅಂತ ಕೇಳಬೇಡಿ. ಕೇಳಲೇಬೇಕಿದ್ದರೆ ಅವರೂರಿನ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ. ಅಂದಹಾಗೆ, ನಿಮ್ಮೂರಲ್ಲಿ ಹೇಗೆ?