ತೊಶಿಕೊ ಅವರ ಹೆಣಿಗೆಯ ಆಟದಂಗಳ

ಕಳೆದ ವರ್ಷ ಇಲ್ಲಿ ಕೆನಡಾದಲ್ಲಿ, ನಮ್ಮ ಕನ್ನಡ ಶಾಲೆಯ ಮಕ್ಕಳಿಗಾಗಿ ಒಂದು ಪುಟ್ಟ ಪ್ರದರ್ಶನ ಮಾಡಿದ್ದೆವು. ನಾನು ನಮ್ಮಜ್ಜಿ ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆದಿಟ್ಟೆ. ಈಗಷ್ಟೇ ಒತ್ತಕ್ಷರ ಕಲಿತ ಹುಡುಗಿಯೊಬ್ಬಳು ಅದನ್ನು ಕೂಡಿಸಿ ಕೂಡಿಸಿ ಓದಿ, "ಆಂಟಿ, ಮುಟ್ಟದೆ ಹೊದ್ಕೊಳ್ಳೋದು ಹೇಗೆ?" ಅಂದಳು. ಅಜ್ಜನ ಧೋತರ, ಅಜ್ಜಿಯ ಇಳಕಲ್ ಸೀರೆ, ನಮ್ಮ ಹರಿದ ಲಂಗ ಎಲ್ಲ ಸೇರಿ ಆದ ಕೌದಿ ಅದು. ನಾವು ಮೊಮ್ಮಕ್ಕಳು ಅದರೊಳಗೆ ಸುತ್ತಿಕೊಂಡು ಉರುಳಾಡಿದವರು. ಆ ಹುಡುಗಿಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಇದೇ ಪ್ರಶ್ನೆ ಅರ್ಧ ಶತಮಾನದ ಹಿಂದೆ ಜಪಾನಿನ ಕಲಾವಿದೆಯೊಬ್ಬರ ಮುಂದೆ ಬಂದು ನಿಂತಿತ್ತು. ಅವರ ಹೆಸರು ತೊಶಿಕೊ ಹೊರಿಉಚಿ ಮ್ಯಾಕ್‌ಆಡಮ್. ಹುಟ್ಟಿದ್ದು 1940ರಲ್ಲಿ. ಯುದ್ಧಕಾಲದ ಬಾಲ್ಯ ಮಂಚೂರಿಯಾದಲ್ಲಿ. ಸೋವಿಯತ್ ಸೈನ್ಯ ನುಗ್ಗಿದಾಗ ಕುಟುಂಬ ಅಲ್ಲಿಂದ ಓಡಬೇಕಾಯಿತು. ಮುಂದೆ ಟೋಕಿಯೊದ ತಾಮಾ ಕಲಾ ವಿಶ್ವವಿದ್ಯಾಲಯ, ಅಮೆರಿಕದ ಕ್ರ್ಯಾನ್‌ಬ್ರೂಕ್ ಅಕಾಡೆಮಿಯಲ್ಲಿ ಓದು, ನ್ಯೂಯಾರ್ಕಿನಲ್ಲಿ ಬಟ್ಟೆ ವಿನ್ಯಾಸದ ಕೆಲಸ. ನೂಲಿನಿಂದ ದೊಡ್ಡ ದೊಡ್ಡ ಶಿಲ್ಪಗಳನ್ನು ಹೆಣೆದು ಗ್ಯಾಲರಿಗಳಲ್ಲಿ ತೂಗುಹಾಕುತ್ತಿದ್ದರು. ಜನ ಬರುತ್ತಿದ್ದರು, ದೂರ ನಿಂತು ನೋಡಿ ಹೋಗುತ್ತಿದ್ದರು. ಇದೆಲ್ಲ ಯಾರಿಗಾಗಿ ಎಂಬ ಕೊರೆತ ಅವರಲ್ಲಿತ್ತು.

ಒಂದು ದಿನ ತೊಟ್ಟಿಲಿನಂತೆ ತೂಗುಬಿಟ್ಟಿದ್ದ ಅವರ ಹೆಣಿಗೆಯನ್ನು ನೋಡಿದ ಇಬ್ಬರು ಮಕ್ಕಳು, ಇದನ್ನು ಹತ್ತಬಹುದಾ ಎಂದು ಕೇಳಿದರಂತೆ. ಹತ್ತಿಯೇಬಿಟ್ಟರು. ಹರಿದೀತೇನೋ ಎಂದು ಎದೆ ಹಿಡಿದುಕೊಂಡು ನೋಡುತ್ತಿದ್ದ ತೊಶಿಕೊ ಅವರಿಗೆ, ತಾವು ಮಾಡಿದ್ದಕ್ಕೆ ಈಗ ಜೀವ ಬಂತು ಅನ್ನಿಸಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ತಕ್ಷಣ ಹೆಣೆಯಲು ಕೂರಲಿಲ್ಲ. ವಾರಾಂತ್ಯಗಳಲ್ಲಿ ಟೋಕಿಯೊದ ಪಾರ್ಕುಗಳಿಗೆ ಹೋಗಿ, ಮಕ್ಕಳು ಎಲ್ಲಿ ಆಡುತ್ತಾರೆ, ಹೇಗೆ ಆಡುತ್ತಾರೆ ಎಂದು ನೋಡುತ್ತಾ ಕೂತರು. ಇಕ್ಕಟ್ಟಿನ ಅಪಾರ್ಟ್‌ಮೆಂಟುಗಳ ಮಕ್ಕಳು ಅವರು. ತಮ್ಮ ಮೊದಲ ಹೆಣೆದ ಆಟದಂಗಳವನ್ನು ಒಂದು ಶಿಶುವಿಹಾರಕ್ಕೆ ದಾನವಾಗಿ ಕೊಟ್ಟರು. 1979ರಲ್ಲಿ ಭೂದೃಶ್ಯ ವಿನ್ಯಾಸಕಾರ ಫುಮಿಆಕಿ ತಕಾನೊ ಜೊತೆ ಸೇರಿ ಓಕಿನಾವಾದ ಸರ್ಕಾರಿ ಉದ್ಯಾನಕ್ಕೆ ದೊಡ್ಡದೊಂದನ್ನು ಕಟ್ಟಿದರು. ಹೊಕ್ಕೈಡೊದ ತಕಿನೊ ಉದ್ಯಾನದ ಕಾಮನಬಿಲ್ಲಿನ ಬಣ್ಣದ ಬಲೆ 2000ದ್ದು. 2009ರಲ್ಲಿ ಹಕೋನೆ ಬಯಲು ವಸ್ತುಸಂಗ್ರಹಾಲಯದಲ್ಲಿ, ತೆಜುಕಾ ವಾಸ್ತುಶಿಲ್ಪಿ ದಂಪತಿ ಮರದ ತೊಲೆಗಳನ್ನು ಗೂಡಿನಂತೆ ಪೇರಿಸಿ ಕಟ್ಟಿದ ಮಂಟಪದೊಳಗೆ ಇವರ ಹೆಣಿಗೆ ತೂಗಾಡತೊಡಗಿತು.

ನಮ್ಮಲ್ಲಿ ಟೀವಿ ಮೇಲಿನ ಹೊದಿಕೆಗೆ ಹಾಕುತ್ತಿದ್ದೆವಲ್ಲ, ಅದೇ ಕ್ರೋಶಾ ಇದು! ಆದರೆ ದಾರ ಗಟ್ಟಿ ನೈಲಾನ್, ಅಳತೆ ಒಂದು ಮನೆಯಷ್ಟು. ಮೊದಲು ಸಣ್ಣ ಹತ್ತಿ ದಾರದಲ್ಲಿ ಅಳತೆಗೆ ತಕ್ಕ ಮಾದರಿ ಹೆಣೆದು, ಭಾರ ಎಲ್ಲಿ ಬೀಳುತ್ತದೆಂದು ಎಂಜಿನಿಯರರ ಜೊತೆ ಕೂತು ಲೆಕ್ಕ ಹಾಕಬೇಕು. ಹೆಣೆಯುವುದು ಮಾತ್ರ ಕೈಯಿಂದಲೇ. ಒಂದು ಕುಣಿಕೆಯನ್ನು ಇನ್ನೊಂದು ಹಿಡಿದಿರುವುದರಿಂದ, ಈ ತುದಿಯಲ್ಲಿ ಒಂದು ಮಗು ಜಿಗಿದರೆ ಆ ತುದಿಯಲ್ಲಿ ಕೂತ ಮಗು ಅಲುಗಾಡುತ್ತದೆ. ಗುರುತಿಲ್ಲದ ಮಕ್ಕಳು ಐದೇ ನಿಮಿಷದಲ್ಲಿ ಗೆಳೆಯರಾಗುವುದು ಹೀಗೆ. ಗಟ್ಟಿಯಾಗಿ ನೆಟ್ಟ ಕಬ್ಬಿಣದ ಜಾರುಬಂಡಿಗೆ ಈ ಗುಣ ಇಲ್ಲ.

ಇನ್ನೊಂದು ಮಾತು. ತೊಶಿಕೊ ಕೆನಡಾದ ಚಾರ್ಲ್ಸ್ ಮ್ಯಾಕ್‌ಆಡಮ್ ಅವರನ್ನು ಮದುವೆಯಾಗಿ, ನೋವಾ ಸ್ಕೋಶಿಯಾದ ಬ್ರಿಡ್ಜ್‌ಟೌನ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ದೂರದ ಊರುಗಳ ಮಕ್ಕಳಿಗಾಗಿ ಬಲೆಗಳು ಹೆಣೆಯಲ್ಪಟ್ಟದ್ದು ಅಲ್ಲಿ. ಹುಟ್ಟಿದ ದೇಶ ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಕೇಳಿದರೆ ಸ್ವಲ್ಪ ಹೊಟ್ಟೆ ತಣ್ಣಗಾಗುತ್ತದೆ, ಅಲ್ಲವೇ?

ಮುಂದಿನ ತಿಂಗಳು ಮತ್ತೆ ನಮ್ಮ ಪ್ರದರ್ಶನ ಇದೆ. ಕೌದಿಯನ್ನು ಈ ಸಲ ಗೋಡೆಗೆ ಹಾಕುತ್ತಿಲ್ಲ, ನೆಲಕ್ಕೆ ಹಾಸುತ್ತೇವೆ. ಅದರ ಒಂದು ಅಂಚಿನಲ್ಲಿ ಹೊಲಿಗೆ ಬಿಟ್ಟಿದೆ. ಅಷ್ಟರೊಳಗೆ ಕೂತು ಹಾಕಬೇಕು.