ಕಲ್ಲುಹೊಲದಿಂದ ಹೊಸ ನಾಡಿಗೆ

ವಿಲ್ಹೆಲ್ಮ್ ಮೋಬರ್ಗ್ ಎಂಬ ಸ್ವೀಡಿಷ್ ಕಾದಂಬರಿಕಾರನು 1949ರಿಂದ 1959ರವರೆಗೆ ನಾಲ್ಕು ಸಂಪುಟಗಳಲ್ಲಿ ತನ್ನ ನಾಡಿನ ವಲಸೆಗಾರರ ಕಥೆಯನ್ನು ಬರೆದನು. ಅದನ್ನಾಧರಿಸಿ ಯಾನ್ ಟ್ರೋಯೆಲ್ 1971ರಲ್ಲಿ 'ವಲಸೆಗಾರರು', 1972ರಲ್ಲಿ 'ಹೊಸ ನಾಡು' ಎಂಬ ಎರಡು ಚಲನಚಿತ್ರಗಳನ್ನು ನಿರ್ಮಿಸಿದನು. ಸ್ಮೋಲಾಂಡ್ ಪ್ರಾಂತದ ರೈತ ಕಾರ್ಲ್ ಆಸ್ಕರ್, ಅವನ ಮಡದಿ ಕ್ರಿಸ್ಟೀನಾ ಇವರೇ ಕಥೆಯ ಕೇಂದ್ರ.

ಇವರನ್ನು ಹೊರಡಿಸಿದುದು ಹಸಿವೆಂಬುದು ನಿಜ. 1800ರಲ್ಲಿ ಸುಮಾರು 23 ಲಕ್ಷವಿದ್ದ ಸ್ವೀಡನ್ನಿನ ಜನಸಂಖ್ಯೆ 1850ರ ವೇಳೆಗೆ ಸುಮಾರು 35 ಲಕ್ಷವಾಯಿತು. ಹೊಲಗಳು ಮಕ್ಕಳಲ್ಲಿ ಪಾಲಾಗಿ ಕಿರಿದಾದುವು. ಉಳಿದ ನೆಲದಲ್ಲಿ ಕಲ್ಲೇ ಹೆಚ್ಚು. ಹಸಿದ ಹಿರಿಯ ಮಗಳು ಬಾರ್ಲಿಯ ಗಂಜಿಯನ್ನು ಅತಿಯಾಗಿ ತಿಂದು ಸಾಯುವ ದೃಶ್ಯವನ್ನು ಕಂಡವರು ಮರೆಯಲಾರರು.

ಆದರೆ ಹಸಿವೊಂದೇ ಕಾರಣವಲ್ಲ. ಪಾದ್ರಿಯ ಸಮ್ಮುಖವಿಲ್ಲದೆ ಮನೆಯಲ್ಲಿ ನೆರೆಹೊರೆಯವರು ಕೂಡಿ ಪ್ರಾರ್ಥಿಸಬಾರದೆಂದು 1726ರ ರಾಜಶಾಸನವು ವಿಧಿಸಿತ್ತು. ಮೀರಿದವರಿಗೆ ದಂಡ, ಸೆರೆ, ಗಡೀಪಾರು. ಪ್ರತಿಯೊಬ್ಬನಿಗೂ ಓದು ಬರಬೇಕೆಂದು ಮನೆಮನೆಗೆ ಹೋಗಿ ಪರೀಕ್ಷಿಸುತ್ತಿದ್ದುದೂ ಇದೇ ಚರ್ಚು! ಓದಲು ಕಲಿತವನು ನೆರೆಯವನೊಡನೆ ಕುಳಿತು ಅರ್ಥವನ್ನು ವಿಚಾರಿಸಿದರೆ ಮಾತ್ರ ಅಪರಾಧಿ. ಚಿತ್ರದಲ್ಲಿ ಕ್ರಿಸ್ಟೀನಾಳ ಸೋದರಮಾವ ಡಾನಿಯೆಲ್, ಊರು ದೂರವಿರಿಸಿದ ಉಲ್ರಿಕಾಳಂಥವರನ್ನೂ ಮನೆಗೆ ಕರೆದು ಪ್ರಸಾದವನ್ನು ಹಂಚಿ, ದಂಡನೆಗೆ ಒಳಗಾಗುತ್ತಾನೆ. ಇದು ಬರಿಯ ಕಲ್ಪನೆಯಲ್ಲ. ಎರಿಕ್ ಯಾನ್ಸನ್ ಎಂಬ ಬೋಧಕನು ಚರ್ಚಿನ ವಿರೋಧವನ್ನು ಕಟ್ಟಿಕೊಂಡು ದೇಶಬಿಟ್ಟು, 1846ರಲ್ಲಿ ಅನುಯಾಯಿಗಳೊಡನೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಬಿಷಪ್ ಹಿಲ್ ಎಂಬ ಊರನ್ನೇ ಕಟ್ಟಿದನು. ಆ ಶಾಸನ ರದ್ದಾದುದು 1858ರಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಹನ್ನೆರಡು ಲಕ್ಷಕ್ಕೂ ಮಿಕ್ಕ ಸ್ವೀಡಿಷರು ಅಮೆರಿಕಕ್ಕೆ ಹೋದರು. ಅವರಲ್ಲಿ ಬಹುಪಾಲಿನವರು ಅನ್ನಕ್ಕಾಗಿಯೇ ಹೋದವರು. ಮೊದಲು ದಾರಿ ತೋರಿಸಿದವರಲ್ಲಿ ಶ್ರದ್ಧೆಗಾಗಿ ಹೊರಟವರೂ ಇದ್ದರೆಂಬುದು ಗಮನಾರ್ಹ.

ಹಾಯಿಹಡಗಿನ ವಾರಗಟ್ಟಲೆಯ ಪಯಣ, ಹೇನು, ಕಾಯಿಲೆ, ಸಾವು: ಇವನ್ನು ಟ್ರೋಯೆಲ್ ಅವಸರವಿಲ್ಲದೆ ತೋರಿಸುತ್ತಾನೆ. ಕಡೆಗೆ ಮಿನೆಸೋಟದ ಸರೋವರದ ದಡದಲ್ಲಿ ಕಲ್ಲಿಲ್ಲದ ಕರಿಮಣ್ಣನ್ನು ಕಂಡು ಕಾರ್ಲ್ ಆಸ್ಕರ್ ಮರಕ್ಕೆ ಒರಗಿ ಕುಳಿತುಕೊಳ್ಳುವನು. ಆ ಮಣ್ಣಿಗೆ ಬೇರೆ ಒಡೆಯರಿದ್ದರು. ಡಕೋಟ ಜನರು ಮಿನೆಸೋಟದ ತಮ್ಮ ಭೂಮಿಯ ಬಹುಭಾಗವನ್ನು 1851ರ ಒಪ್ಪಂದಗಳಲ್ಲಿ ಕಳೆದುಕೊಂಡರು. ಬರಬೇಕಾದ ಹಣ ತಡವಾಗಿ, ಹಸಿವಿಗೆ ಸಿಕ್ಕಿ, 1862ರಲ್ಲಿ ದಂಗೆಯೆದ್ದರು. ನೂರಾರು ವಲಸಿಗರು ಹತರಾದರು. ಎರಡನೆಯ ಚಿತ್ರವು ಇದನ್ನು ಮರೆಮಾಡಿಲ್ಲ. ಆ ವರ್ಷದ ಡಿಸೆಂಬರ್ 26ರಂದು ಮಂಕೇಟೊ ಪಟ್ಟಣದಲ್ಲಿ 38 ಮಂದಿ ಡಕೋಟರನ್ನು ಒಂದೇ ವೇದಿಕೆಯ ಮೇಲೆ ಗಲ್ಲಿಗೇರಿಸಲಾಯಿತು.